ಸುತ್ತುಪೌಳಿ ಮನೆಯ ಹೋಮ್‌ಸ್ಟೇ: ಚಾವಡಿ ಉಂಟು, ಬಡಗು ಪೌಳಿ ಇಲ್ಲ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಗುಡ್ಡದ ಬುಡದಲ್ಲಿರುವ ಹಳೆಯ ಹವ್ಯಕ ಮನೆಯೊಂದು ಈಗ ಹೋಮ್‌ಸ್ಟೇ. ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ನಡುವೆ ಅಂಗಳ, ಸುತ್ತ ನಾಲ್ಕು ಪೌಳಿ, ಅಂದರೆ ನಾಲ್ಕು ಬದಿಗೂ ಕೋಣೆಗಳ ಸಾಲು. ಮರದ ಕೆಲಸಕ್ಕೆ ಐದರಲ್ಲಿ ಐದು ಕೊಡಬಹುದು. ಮನೆಯನ್ನು ಅರ್ಥಮಾಡಿಕೊಂಡ ಬಗೆಗೆ ಎರಡೇ.

ಮೂಡು ಮುಖದ ಜಗಲಿಯನ್ನು ಕೆಡಿಸಿಲ್ಲ. ಎರಡು ಮೆಟ್ಟಿಲಿನ ಎತ್ತರ, ಕಾವಿ ನೆಲ, ಹಲಸಿನ ಮರದ ಕಂಬ. ಯಾರು ಎಲ್ಲಿವರೆಗೆ ಬರಬಹುದು ಎಂದು ಇಂಥ ಮನೆಗಳಲ್ಲಿ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಕೆಲಸದವರಿಗೆ ಅಂಗಳ, ಗೇಣಿ ಲೆಕ್ಕಕ್ಕೆ ಬಂದ ಒಕ್ಕಲಿಗೆ ಕೆಳಜಗಲಿ, ಪರಿಚಯಸ್ಥರಿಗೆ ಮೇಲ್ಜಗಲಿ, ಸ್ವಜಾತಿಯ ಗಂಡಸರಿಗೆ ಚಾವಡಿ. ಮನೆಯ ಹೆಂಗಸರು ಈ ಸಾಲಿಗೇ ಸೇರಿದವರಲ್ಲ. ಅವರ ಓಡಾಟವೆಲ್ಲ ಬಡಗು (ಉತ್ತರದ) ಪೌಳಿಯಲ್ಲಿ, ಹಿಂಬಾಗಿಲಿನಲ್ಲಿ. ಚಾವಡಿಗೂ ಒಳಮನೆಗೂ ನಡುವಿನ ಮರದ ದಳಿ (ಸರಳುಗಳ ತಡಿಕೆ) ಹಾಗೆಯೇ ಉಳಿದಿದೆ. ಒಳಗಿನ ಕತ್ತಲೆಯಲ್ಲಿ ನಿಂತರೆ ಜಗಲಿಗೆ ಬಂದವರ ಮುಖ ಸರಿಯಾಗಿ ಕಾಣುತ್ತದೆ, ಹೊರಗಿನವರಿಗೆ ಒಳಗಿರುವುದು ಕಾಣುವುದಿಲ್ಲ. ಎಷ್ಟು ಜನಕ್ಕೆ ಅಕ್ಕಿ ಹಾಕಬೇಕು ಎಂಬ ಲೆಕ್ಕ ಆಗುತ್ತಿದ್ದುದು ಇಲ್ಲಿಂದ. ಮಾಲೀಕರು ಈ ದಳಿಗೆ ಪಾಲಿಶ್ ಹೊಡೆಸಿ ಹಿಂದೆ ಬಲ್ಬು ಉರಿಸಿದ್ದಾರೆ. ಈಗ ಹೊರಗಿನವರಿಗೇ ಒಳಗೆಲ್ಲ ಕಾಣುತ್ತದೆ!

ಬಡಗು ಪೌಳಿಗೆ ಬಂದರೆ ಬೇಸರವೇ. ಗುಡ್ಡ ಇರುವುದು ಬಡಗಿಗೆ. ಅಲ್ಲಿ ಅಡ್ಡಕ್ಕೆ ತೋಡಿದ ಸುರಂಗದ ನೀರು ತಾನಾಗಿ ಹರಿದು, ಅಡಕೆ ಮರ ಸೀಳಿ ಮಾಡಿದ ದಂಬೆಯಲ್ಲಿ (ದೋಣಿಯಂಥ ಕಾಲುವೆಯಲ್ಲಿ) ಹಿತ್ತಿಲಿಗೆ ಬೀಳುತ್ತಿತ್ತು. ಅಡಿಗೆ ಕೋಣೆ ಈಶಾನ್ಯಕ್ಕೆ ಇರಲು ನೀರು ಒಂದು ಕಾರಣ, ಗಾಳಿ ಇನ್ನೊಂದು: ಮಳೆಗಾಲದ ಗಾಳಿ ನೈಋತ್ಯದಿಂದ ಬೀಸುವಾಗ ಹೊಗೆ ಚಾವಡಿಗೆ ನುಗ್ಗದೆ ಹಿತ್ತಿಲಿಗೆ ಹೋಗುತ್ತದೆ. ಮಡಿಯುಟ್ಟವರು ಬಚ್ಚಲಿನಿಂದ ಅಡಿಗೆ ಕೋಣೆಗೆ, ಅಲ್ಲಿಂದ ದೇವರ ಕೋಣೆಗೆ ಚಾವಡಿ ಮುಟ್ಟದೆ ಹೋಗುವ ದಾರಿಯೂ ಇತ್ತು. ಆ ನಡುಬಾಗಿಲನ್ನು ಈಗ ಕಲ್ಲಿಟ್ಟು ಮುಚ್ಚಿದ್ದಾರೆ. ಅಡಿಗೆ ಕೋಣೆ ಎರಡು ಟಾಯ್ಲೆಟ್ ಆಗಿದೆ, ಕಡೆಯುವ ಕಲ್ಲು ತೋಟದಲ್ಲಿ ಹೂಕುಂಡ. ಮುಟ್ಟಾದವರು ಮೂರು ದಿನ ಕೂರುತ್ತಿದ್ದ ಹಿಂಜಗಲಿಯ ಮೂಲೆಗೆ ‘ರೀಡಿಂಗ್ ಕಾರ್ನರ್’ ಎಂದು ಬೋರ್ಡು! ಆ ಪದ್ಧತಿ ಹೋದದ್ದು ಒಳ್ಳೆಯದೇ ಆಯಿತು. ಆದರೆ ಜಗಲಿಯ ಕಥೆ ಹೇಳಲು ಗೈಡ್ ಇಟ್ಟವರು ಈ ಮೂಲೆಯ ಕಥೆಯನ್ನೂ ಹೇಳಿಸಬೇಕಿತ್ತು.

ಊಟ ಚೆನ್ನಾಗಿದೆ. ಪತ್ರೊಡೆ, ತಂಬುಳಿ, ಹಲಸಿನ ಹಪ್ಪಳಕ್ಕೆ ಹೆಸರಿಡುವಂತಿಲ್ಲ. ಹೊರಗಿನ ಶೆಡ್ಡಿನಲ್ಲಿ ಗಂಡಸರು ಅಡಿಗೆ ಮಾಡುತ್ತಾರೆ, ‘ಹಳೆಯ ಸಂಪ್ರದಾಯ’ ಎನ್ನುತ್ತಾರೆ. ಅದು ಅರ್ಧ ಸತ್ಯ. ಮದುವೆ, ಉಪನಯನದ ನೂರಾರು ಎಲೆಯ ಅಡಿಗೆ ಹೊರಗೆ ಚಪ್ಪರದಡಿಯಲ್ಲಿ, ಭಟ್ಟರ ಕೈಯಲ್ಲಿ. ದಿನನಿತ್ಯದ್ದು ಒಳಗೆ, ಹೆಂಗಸರ ಕೈಯಲ್ಲಿ.

ಒಲೆ ಆರಿಸಿದ್ದರಿಂದ ಕಟ್ಟಡಕ್ಕೂ ನಷ್ಟ. ದಿನಾ ಹೊಗೆ ತಾಗುತ್ತಿದ್ದ ಮಾಡಿನ ಮರಗಳಾದ ಪಕ್ಕಾಸು, ರೀಪಿನಲ್ಲಿ ತೇವ ನಿಲ್ಲುತ್ತಿರಲಿಲ್ಲ, ಹುಳ ಸುಲಭಕ್ಕೆ ಹತ್ತುತ್ತಿರಲಿಲ್ಲ. ಈಗ ಬಡಗು ಅಟ್ಟದ ನೆಲದಲ್ಲಿ ಸಣ್ಣ ಹಳದಿ ಹುಡಿ ಬಿದ್ದಿರುವುದು ಕಾಣುತ್ತದೆ, ಕುಟ್ಟೆ ಹಿಡಿದ ಲಕ್ಷಣ. ಮೇಲಿಂದ ವಾರ್ನಿಷ್ ಬಳಿದರೆ ಒಳಗಿನ ಹುಳ ಸಾಯುವುದಿಲ್ಲ. ಬೇಸಗೆಯಲ್ಲಿ ಮರ ಪೂರ್ತಿ ಒಣಗಿದ ಮೇಲೆ ಹುಡಿ ಉಜ್ಜಿ ತೆಗೆದು, ಗೇರೆಣ್ಣೆಯನ್ನು (ಗೇರುಬೀಜದ ಸಿಪ್ಪೆಯ ಎಣ್ಣೆ) ಎರಡು ಸಲ, ಮೊದಲನೆಯದು ಚೆನ್ನಾಗಿ ಹೀರಿಕೊಂಡ ಬಳಿಕ ಎರಡನೆಯದು, ಬಳಿಯಬೇಕು. ಕೈಗೆ ಗವಸು ಬೇಕೇ ಬೇಕು, ಗೇರೆಣ್ಣೆ ಚರ್ಮ ಸುಡುತ್ತದೆ. ಪುಡಿಪುಡಿಯಾದ ಪಕ್ಕಾಸನ್ನು ಬದಲಿಸದೆ ಗತಿಯಿಲ್ಲ. ಟಾಯ್ಲೆಟಿನ ಗೋಡೆಗೆ ಎರಡೂ ಬದಿಯಿಂದ ಸಿಮೆಂಟ್ ಗಾರೆ ಹಾಕಿದ್ದು ಮತ್ತೊಂದು ತಪ್ಪು. ಮುರಕಲ್ಲು ನೀರು ಕುಡಿಯುವ ಕಲ್ಲು. ಸುಣ್ಣದ ಗಾರೆಯಾದರೆ ಕುಡಿದದ್ದನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ಮೊಣಕಾಲೆತ್ತರದವರೆಗೆ ಬಣ್ಣ ಈಗಾಗಲೇ ಎದ್ದು ಬಂದಿದೆ. ಟಾಯ್ಲೆಟನ್ನು ಹಳೆಯ ಬಚ್ಚಲು ಕೊಟ್ಟಿಗೆಯ ಜಾಗದಲ್ಲೇ, ಮನೆಯಿಂದ ಬಿಡಿಸಿ ಕಟ್ಟಿದ್ದರೆ ಈ ಪಾಡು ಇರಲಿಲ್ಲ.

ಕೋಣೆ ಕಾದಿರಿಸುವವರಿಗೆ: ‘ಹೆರಿಟೇಜ್ ಡಬಲ್’ ಅಂದರೆ ಹಳೆಯ ಉಗ್ರಾಣ. ಭತ್ತ ಇಡಲೆಂದು ಕಿಟಿಕಿಯಿಲ್ಲದೆ ಕಟ್ಟಿದ ಕೋಣೆ ಅದು, ಬೀಗದ ಕೈ ಇರುತ್ತಿದ್ದದ್ದು ಮನೆಯ ಹಿರಿಯ ಹೆಂಗಸಿನ ಸೊಂಟದಲ್ಲಿ. 1970ರ ಜನವರಿ 1ಕ್ಕೆ ಕೇರಳದಲ್ಲಿ ಗೇಣಿ ರದ್ದಾದ ಮೇಲೆ ಇಂಥ ಉಗ್ರಾಣಗಳಿಗೆ ಗೇಣಿ ಭತ್ತ ಬರುವುದು ನಿಂತಿತು. ಭತ್ತಕ್ಕೆ ಗಾಳಿ ಬೇಡ, ಮಲಗುವವರಿಗೆ ಬೇಕು. ಬಾಡಿಗೆ ಜಾಸ್ತಿ, ಸೆಕೆಯೂ ಜಾಸ್ತಿ. ಉಪ್ಪರಿಗೆಯ ಕೋಣೆ ಡಿಸೆಂಬರ್, ಜನವರಿಗೆ ಸರಿ. ಏಪ್ರಿಲ್‌ನಲ್ಲಿ ಹಂಚಿನ ಕಾವು ರಾತ್ರಿಯೂ ಇಳಿಯುವುದಿಲ್ಲ. ತೆಂಕು ಪೌಳಿಯಲ್ಲಿ ನಡು ಅಂಗಳಕ್ಕೆ ಕಿಟಿಕಿಯಿರುವ ಕೋಣೆಯನ್ನೇ ಕೇಳಿ: ಅಗ್ಗ, ತಂಪು, ಮಳೆಗಾಲದಲ್ಲಿ ನಾಲ್ಕೂ ಮಾಡಿನ ನೀರು ಅಂಗಳಕ್ಕೆ ಬೀಳುವುದೂ ಅಲ್ಲಿಂದ ಕಾಣುತ್ತದೆ. ದಾರಂದ (ಬಾಗಿಲ ಚೌಕಟ್ಟು) ಗಿಡ್ಡ, ಎತ್ತರದವರು ತಲೆ ಬಗ್ಗಿಸಿ ನಡೆಯಿರಿ. ಹಿತ್ತಿಲ ಬಾಗಿಲಿಗೆ ಬೀಗ ಹಾಕಿರುತ್ತಾರೆ, ಕೇಳಿದರೆ ತೆಗೆಯುತ್ತಾರೆ. ಸುರಂಗ ನೋಡಬೇಕಿದ್ದರೆ ಆ ದಾರಿಯಾಗಿಯೇ ಹೋಗಬೇಕು. ಮಳೆಗಾಲದಲ್ಲಿ ಮಾತ್ರ ಹೋಗಬೇಡಿ, ಬರೆ (ಗುಡ್ಡದ ಕಡಿದಾದ ಮಣ್ಣು) ಜರಿಯುವ ಜಾಗ.