ನನ್ನ ಮುದ್ದೆ ತೂಗಿಸಿದ ಡಯಟಿಷಿಯನ್

ತುಮಕೂರಿನ ಎಸ್.ಎಸ್. ಪುರಂನಲ್ಲಿ ಒಬ್ಬ ಡಯಟಿಷಿಯನ್ ಹತ್ತಿರ ನಾಲ್ಕು ತಿಂಗಳಿಂದ ಹೋಗುತ್ತಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಕಿತ್ತಿದ್ದು ಮೆಟ್ಟಿಲಿಗೆ. ಎರಡನೇ ಮಹಡಿ, ಲಿಫ್ಟ್ ಇಲ್ಲ, ಬರುವವರಲ್ಲಿ ಅರ್ಧ ಜನ ಮಂಡಿನೋವಿನವರು!

ನನಗೆ 54 ವರ್ಷ. ಮಂಡಿಪೇಟೆಯಲ್ಲಿ ಪಾತ್ರೆ ಅಂಗಡಿ. ಶುಗರ್ ಬಂದು 8 ವರ್ಷ ಆಯಿತು. ಅಷ್ಟೂ ವರ್ಷ ತೋರಿಸಿದ್ದು ಒಬ್ಬರೇ ಡಾಕ್ಟರಿಗೆ. ಒಳ್ಳೆಯವರು, ಫೋನ್ ಮಾಡಿದರೆ ಎತ್ತುತ್ತಾರೆ. ಆದರೆ ಸಂಜೆಗೆ ಅರವತ್ತು ಟೋಕನ್. ಒಳಗೆ ಹೋದರೆ ರಿಪೋರ್ಟ್ ನೋಡುತ್ತಾರೆ, ಬಿಪಿ ನೋಡುತ್ತಾರೆ. "ಸಿಹಿ ಬಿಡಿ, ಅನ್ನ ಕಮ್ಮಿ ಮಾಡಿ, ಮುದ್ದೆ ತಿನ್ನಿ, ವಾಕಿಂಗ್ ಮಾಡಿ" ಅನ್ನುವಷ್ಟರಲ್ಲಿ ಮುಂದಿನವರು ಬಾಗಿಲು ತಳ್ಳಿರುತ್ತಾರೆ. ನಾನು ಸಿಹಿ ಬಿಟ್ಟೆ. ಮುದ್ದೆ ತಿಂದೆ. ಶುಗರ್ ಏರುತ್ತಲೇ ಹೋಯಿತು. ಒಂದಿದ್ದ ಮಾತ್ರೆ ಮೂರಾಯಿತು. ಏನು ತಿಂತೀರಿ, ಎಷ್ಟು ತಿಂತೀರಿ ಅಂತ ಎಂಟು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ಅದು ಬೇರೆ ಮಾತು.

ಈ ಮೇಡಂ ಹತ್ತಿರ ಮೊದಲ ದಿನ 500 ರೂಪಾಯಿ, ಮುಕ್ಕಾಲು ಗಂಟೆ. ರಿಪೋರ್ಟ್ ಫೈಲ್ ಪಕ್ಕಕ್ಕಿಟ್ಟು ಕೇಳಿದ ಮೊದಲ ಪ್ರಶ್ನೆ: "ಸರ್, ನಿಮ್ಮನೆ ಮುದ್ದೆ ಎಷ್ಟು ದೊಡ್ಡದು?"

ಕೈಯಲ್ಲಿ ತೋರಿಸಿದೆ. "ಹಾಗಲ್ಲ, ತೂಕ ಹೇಳಿ. ಪಾತ್ರೆ ಅಂಗಡಿ ಅಂತೀರಾ, ತಕ್ಕಡಿ ಇದ್ದೇ ಇರುತ್ತಲ್ಲ" ಅಂದರು.

ಮಾರನೇ ದಿನ ಮಧ್ಯಾಹ್ನ ಮನೆಯಿಂದ ಊಟ ಬಂತು. ಗಿರಾಕಿ ಇಲ್ಲದ ಹೊತ್ತು ನೋಡಿ, ಹಳೆ ಹಿತ್ತಾಳೆ ತೂಗುವ ತಕ್ಕಡಿ ಮೇಲೆ ತಟ್ಟೆ ಇಟ್ಟು, ತಟ್ಟೆ ತೂಕ ಕಳೆದು, ಮುದ್ದೆ ಇಟ್ಟೆ. ಇನ್ನೂ ಹಬೆ ಆಡುತ್ತಿತ್ತು. 410 ಗ್ರಾಂ. ಅಂಗಡಿ ಹುಡುಗ ಪಕ್ಕದಲ್ಲೇ ನಿಂತಿದ್ದ. "ಅಣ್ಣಾ, ಕೆಜಿಗೆ ಎಷ್ಟು ಹಾಕಲಿ?" ಅಂದ ಕಳ್ಳ.

ಮನೆಯಲ್ಲಿ ಹಿಟ್ಟಿನ ಲೆಕ್ಕ ಹಾಕಿದರೆ ಆ ಒಂದು ಮುದ್ದೆಗೆ ಸುಮಾರು 135 ಗ್ರಾಂ ರಾಗಿ ಹಿಟ್ಟು. ದಿನಕ್ಕೆ ಎರಡು ಸಲ. ಅದರ ಮೇಲೆ ಎರಡೆರಡು ಸೌಟು ಅನ್ನ. ನಮ್ಮ ಕಡೆ ಎಲ್ಲರೂ ಹೇಳುವುದು ಒಂದೇ, ರಾಗಿ ತಿಂದರೆ ಶುಗರ್ ಹತ್ತಿರ ಬರಲ್ಲ ಅಂತ. ಮೇಡಂ ಪೆನ್ನು ಹಿಡಿದು ಬರೆದು ತೋರಿಸಿದರು. 100 ಗ್ರಾಂ ಅಕ್ಕಿಯಲ್ಲಿ ಹೆಚ್ಚುಕಮ್ಮಿ 78 ಗ್ರಾಂ ಪಿಷ್ಟ (ಕಾರ್ಬೋಹೈಡ್ರೇಟ್, ಮೈಯಲ್ಲಿ ಸಕ್ಕರೆಯಾಗುವುದು ಇದೇ), ರಾಗಿಯಲ್ಲಿ 70ರ ಆಸುಪಾಸು. ನಾರು, ಕ್ಯಾಲ್ಸಿಯಂ ರಾಗಿಯಲ್ಲಿ ತುಂಬಾ ಜಾಸ್ತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಿಷ್ಟ ಪಿಷ್ಟವೇ. ನಾನು ಎಂಟು ವರ್ಷ ಪಥ್ಯ ಅಂದುಕೊಂಡು ತಿಂದಿದ್ದು ಇದನ್ನೇ!

ಮುದ್ದೆ ಬಿಡಿಸಲಿಲ್ಲ. 200 ಗ್ರಾಂ ಸಾಕು ಅಂದರು. ಅಂಗಡಿಯಿಂದಲೇ ಒಂದು ಚಿಕ್ಕ ಬಟ್ಟಲು ತಂದುಕೊಟ್ಟೆ. ನನ್ನ ಹೆಂಡತಿ ಅದಕ್ಕೆ ನೀರು ಸವರಿ ಹಿಟ್ಟು ಹಾಕಿ ತಿರುಗಿಸುತ್ತಾಳೆ, ಅಳತೆ ತಾನಾಗೇ ಬರುತ್ತದೆ. ಬಸ್ಸಾರು ಮಾಡಿದ ದಿನ ಮೊದಲೆಲ್ಲ ಸಾರು ಸುರಿದುಕೊಂಡು, ಪಲ್ಯ ಒಂದು ಚಮಚ ಬದಿಗೆ ಹಾಕಿಕೊಳ್ಳುತ್ತಿದ್ದೆ. ಈಗ ಪಲ್ಯವೇ ಅರ್ಧ ತಟ್ಟೆ. ಹುರುಳಿಕಾಳು ಸಾರಿನಲ್ಲಿ ಕಾಳೆಲ್ಲ ನನಗೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಕೇಳಲು ಹೆದರಿದ್ದೆ. ಭಾನುವಾರ ಒಂದು, ಮೇಲಿನ ಬೆಣ್ಣೆ ಕಮ್ಮಿ, ಅಂತ ಒಪ್ಪಿಕೊಂಡರು.

ಇಷ್ಟು ಸಣ್ಣ ವಿಷಯ ಡಾಕ್ಟರ್ ಯಾಕೆ ಹೇಳಲಿಲ್ಲ ಅಂತ ನನಗೆ ಸಿಟ್ಟೇ ಬಂದಿತ್ತು. ಅಣ್ಣನ ಮಗಳು ಎಂಬಿಬಿಎಸ್ ಕೊನೆ ವರ್ಷ. ಅವಳನ್ನೇ ಕೇಳಿದೆ. "ಊಟದ ಬಗ್ಗೆ ಬೇರೆ ಪೇಪರೇ ಇಲ್ಲ ಚಿಕ್ಕಪ್ಪ. ಬಯೋಕೆಮಿಸ್ಟ್ರಿಯಲ್ಲಿ ಸ್ವಲ್ಪ, ಕಮ್ಯುನಿಟಿ ಮೆಡಿಸಿನ್‌ನಲ್ಲಿ ಸ್ವಲ್ಪ. ವಿಟಮಿನ್ ಬಿ1 ಕಮ್ಮಿಯಾದರೆ ಬೆರಿಬೆರಿ, ಸಿ ಕಮ್ಮಿಯಾದರೆ ಸ್ಕರ್ವಿ, ಎಲ್ಲ ಬಾಯಿಪಾಠ. ಬೆರಿಬೆರಿ ಬಂದವರನ್ನ ಒಬ್ಬರನ್ನೂ ನೋಡಿಲ್ಲ. ನಿಮ್ಮಂಥವರನ್ನ ದಿನಾ ನೋಡ್ತೀನಿ, ತಟ್ಟೆಗೆ ಎಷ್ಟು ಹಾಕ್ಕೋಬೇಕು ಅಂತ ಹೇಳೋಕೆ ಬರಲ್ಲ" ಅಂದಳು. ಅಮೆರಿಕದ ಮೆಡಿಕಲ್ ಕಾಲೇಜುಗಳಲ್ಲೂ 2010ರ ಒಂದು ಸಮೀಕ್ಷೆ ಪ್ರಕಾರ ಇಡೀ ಕೋರ್ಸಿಗೆ ಸರಾಸರಿ 20 ಗಂಟೆಯೂ ಇದಕ್ಕೆ ಸಿಗುತ್ತಿರಲಿಲ್ಲವಂತೆ. ಇನ್ನು ಸಮಯ. 2017ರಲ್ಲಿ ಬೇರೆ ಬೇರೆ ದೇಶಗಳ ಲೆಕ್ಕ ತೆಗೆದಾಗ ಭಾರತದಲ್ಲಿ ಡಾಕ್ಟರ್ ಒಬ್ಬ ರೋಗಿಗೆ ಕೊಡುವುದು ಸುಮಾರು 2 ನಿಮಿಷ ಅಂತ ಬಂತಂತೆ. ಎರಡು ನಿಮಿಷದಲ್ಲಿ ಮಾತ್ರೆ ಬರೆಯಬಹುದು. ಮುದ್ದೆ ತೂಗೋಕಾಗಲ್ಲ.

ಅವಳೇ ಇನ್ನೊಂದು ಹೇಳಿದಳು. ಶುಗರ್ ಬರುವ ಅಂಚಿನಲ್ಲಿದ್ದವರ ಮೇಲೆ ನಮ್ಮ ದೇಶದಲ್ಲೇ ಒಂದು ಅಧ್ಯಯನ ಆಗಿ, 2006ರಲ್ಲಿ ಅದರ ಫಲಿತಾಂಶ ಬಂದಿದೆ. ಊಟ, ನಡಿಗೆ ಸರಿ ಮಾಡಿಕೊಂಡವರಲ್ಲಿ ಕಾಯಿಲೆ ಬರುವುದು 28.5 ಶೇಕಡಾ ಇಳಿಯಿತು. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ತಿಂದವರಲ್ಲಿ 26.4. ಅಂದರೆ ಸರಿಸಮ. ಆದರೂ ಚೀಟಿಯಲ್ಲಿ ಬರುವುದು ಮಾತ್ರೆ ಒಂದೇ.

ಆ ಮಾತ್ರೆಯದ್ದೇ ಇನ್ನೊಂದು ಕತೆ ಇದೆ. ಎರಡು ವರ್ಷದಿಂದ ನನಗೆ ಪಾದ ಜುಮುಜುಮು. ಶುಗರ್‌ನದ್ದು ಅಂತ ಸುಮ್ಮನಿದ್ದೆ. ಮೇಡಂ ಕೇಳಿದರು: ಮೆಟ್‌ಫಾರ್ಮಿನ್ ಎಷ್ಟು ವರ್ಷ? ಎಂಟು. ಮೊಟ್ಟೆ, ಮಾಂಸ? ಇಲ್ಲ. ವಿಟಮಿನ್ ಬಿ12 ನೋಡಿಸಿದ್ದೀರಾ? ಹೆಸರೇ ಕೇಳಿರಲಿಲ್ಲ. ಈ ಮಾತ್ರೆ ವರ್ಷಗಟ್ಟಲೆ ತಿಂದರೆ ಮೈಗೆ ಬಿ12 ಹತ್ತುವುದು ಕಮ್ಮಿಯಾಗಬಹುದಂತೆ, ಸಸ್ಯಾಹಾರಿಗಳಿಗೆ ಮೊದಲೇ ಅದು ಕಮ್ಮಿ. ಅದು ಕಮ್ಮಿಯಾದರೂ ಪಾದ ಜುಮುಜುಮು ಅನ್ನಬಹುದಂತೆ. ನೋಡಿಸಿದೆ, 148 ಬಂತು. 200ಕ್ಕಿಂತ ಮೇಲೆ ಇರಬೇಕಿತ್ತು. ರಿಪೋರ್ಟ್ ನೋಡಿದ ನಮ್ಮ ಡಾಕ್ಟರ್ ಒಂದು ಕ್ಷಣ ಮಾತಾಡಲಿಲ್ಲ. "ಇದನ್ನ ನಾನೇ ನೋಡಬೇಕಿತ್ತು" ಅಂದು ಇಂಜೆಕ್ಷನ್ ಬರೆದರು. ಆ ಮಾತಿಗೆ ನನ್ನ ಸಿಟ್ಟು ಇಳಿಯಿತು. ಜುಮುಜುಮು ಪೂರ್ತಿ ಹೋಗಿಲ್ಲ, ರಾತ್ರಿ ನಿದ್ದೆ ಬರುವಷ್ಟು ಕಮ್ಮಿಯಾಗಿದೆ.

ಶುಗರ್‌ನ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 9.1 ಇದ್ದದ್ದು 7.6ಕ್ಕೆ ಬಂದಿದೆ. ಮಾತ್ರೆ ಯಾವುದೂ ಬಿಟ್ಟಿಲ್ಲ, ಬಿಡಿ ಅಂತ ಮೇಡಂ ಹೇಳಲೂ ಇಲ್ಲ. ಮಾತ್ರೆ ವಿಷಯ ಡಾಕ್ಟರನ್ನೇ ಕೇಳಿ ಅನ್ನುತ್ತಾರೆ.

ದೂರು ಎರಡಿವೆ. ಮೊದಲು ಕೈಗೆ ಕೊಡುವ ಅಚ್ಚು ಹಾಳೆ ಪೂರ್ತಿ ಇಂಗ್ಲಿಷ್. ಅದರಲ್ಲಿ ಓಟ್ಸ್, ಆಲಿವ್ ಎಣ್ಣೆ, ಕ್ವಿನೋವಾ. ನಮ್ಮ ಮನೆಯಲ್ಲಿ ಅದನ್ನೆಲ್ಲ ಯಾರು ತಿಂತಾರೆ? ಕೇಳಿದ್ದಕ್ಕೆ ಮೇಡಂ ನಕ್ಕು, ಹಾಳೆ ತಿರುಗಿಸಿ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು. ನೀವೂ ಕೇಳಿ ಬರೆಸಿಕೊಳ್ಳಿ. ಎರಡನೆಯದು, ನನ್ನ ಆರೋಗ್ಯ ವಿಮೆಯಲ್ಲಿ ಈ ಫೀಸಿಗೆ ಒಂದು ಪೈಸೆ ಬರಲ್ಲ. ನಾಳೆ ಕಾಲು ಕತ್ತರಿಸಬೇಕಾಗಿ ಬಂದರೆ ಕೊಡುತ್ತಾರಂತೆ.

ಶನಿವಾರ ರಶ್, ಮಂಗಳವಾರ ಹೋಗಿ. ಹೋಗುವಾಗ ಮನೆಯ ಅನ್ನದ ಸೌಟು ಜೊತೆಗಿರಲಿ. ತಿಂಗಳಿಗೆ ಎಣ್ಣೆ ಎಷ್ಟು ಲೀಟರ್ ತರುತ್ತೀರಿ ಅಂತಲೂ ಕೇಳುತ್ತಾರೆ, ಆಗ ಹೆಂಡತಿ ಮುಖ ನೋಡಬೇಡಿ.