ಮೂರು ಅರಗಿನ ಪ್ಲೇಟು, 18 ಡಾಲರ್

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಳೇ ಗ್ರಾಮಫೋನ್ ಪ್ಲೇಟು ಕೂಡಿಡುವ ಹುಚ್ಚಿಲ್ಲ. ಅಮೆರಿಕದ ಡಲ್ಲಾಸ್‌ನಿಂದ ಒಂದು ಗಂಟೆ ದೂರದ ಒಂದು ಹಳೆ ಸಾಮಾನಿನ ಅಂಗಡಿಗೆ ಹೋಗಿದ್ದು ಕುರ್ಚಿ ನೋಡೋಕೆ. ಕುರ್ಚಿಗಳೆಲ್ಲ ಅಲ್ಲಾಡುತ್ತಿದ್ದವು. ಹಿಂದಿನ ಕೋಣೆಯಲ್ಲಿ ಮಾತ್ರ ಹಾಲಿನ ಕ್ರೇಟುಗಳ ತುಂಬಾ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಗ್ರಾಮಫೋನ್ ಪ್ಲೇಟುಗಳು, ಯಾವುದು ಆರಿಸಿದರೂ 6 ಡಾಲರ್. ಮೂರು ತಂದೆ. ಮೂರೂ 1940ರಿಂದ 42ರ ಒಳಗಿನ ಕಂಟ್ರಿ ಹಾಡುಗಳು, ಅಂದರೆ ಅಮೆರಿಕದ ಹಳ್ಳಿಗಾಡಿನ ಹಾಡುಗಳು. ಆಗ ಇದಕ್ಕೆ ಕಂಟ್ರಿ ಅನ್ನೋದಕ್ಕಿಂತ ಹಿಲ್‌ಬಿಲಿ ಅನ್ನುತ್ತಿದ್ದದ್ದೇ ಜಾಸ್ತಿ. ಗುಡ್ಡಗಾಡಿನ ಗಮಾರರ ಹಾಡು ಅಂತ ಸ್ವಲ್ಪ ತಾತ್ಸಾರದ ಹೆಸರು.

ಒಂದು ಮಾತು. ಇವುಗಳನ್ನು ಸುಮ್ನೆ ಎಲ್‌ಪಿ (ಆಮೇಲೆ ಬಂದ ಪ್ಲಾಸ್ಟಿಕ್ ಪ್ಲೇಟು) ಪ್ಲೇಯರ್ ಮೇಲೆ ಇಟ್ಟು ಮುಳ್ಳು ಇಳಿಸಬೇಡಿ. ಗೆರೆ ಅಗಲ, ಎಲ್‌ಪಿಯ ಸಣ್ಣ ಮುಳ್ಳು ತಳದಲ್ಲಿ ಜಾರಾಡಿ ಬರೀ ಕರಕರ ಅನ್ನುತ್ತದೆ. 78ಕ್ಕೆ ಅಂತಲೇ ಸುಮಾರು ಮೂರು ಪಟ್ಟು ದಪ್ಪದ ಮುಳ್ಳು ಬೇರೆ ಸಿಗುತ್ತದೆ. ಪ್ಲೇಟಿಗಿಂತ ಮುಳ್ಳಿಗೇ ಜಾಸ್ತಿ ಖರ್ಚಾಯಿತು.

ಮೊದಲನೆಯದು ಬಾಬ್ ವಿಲ್ಸ್‌ನ ‘ನ್ಯೂ ಸ್ಯಾನ್ ಆಂಟೋನಿಯೊ ರೋಸ್’, 1940ರದ್ದು, ಒಕೆ ಕಂಪನಿಯ ನೇರಳೆ ಲೇಬಲ್. ಬಾಬ್ ವಿಲ್ಸ್ ಪಿಟೀಲಿನವನು, ಆದರೆ ಇಲ್ಲಿ ಕಿವಿಗೆ ಬಡಿಯುವುದು ಟ್ರಂಪೆಟ್ಟು, ಸ್ಯಾಕ್ಸೊಫೋನು. ದೊಡ್ಡ ಡ್ಯಾನ್ಸ್ ಬ್ಯಾಂಡಿನ ಗತ್ತು. ಟಾಮಿ ಡಂಕನ್ ನಿರಾಳವಾಗಿ ಹಾಡುತ್ತಿರುತ್ತಾನೆ, ನಡುನಡುವೆ ಬಾಬ್ ‘ಆ-ಹಾ’ ಅಂತ ಕೂಗು ಹಾಕುತ್ತಾನೆ, ಯಕ್ಷಗಾನದಲ್ಲಿ ಭಾಗವತರ ಪದ ನಡೆಯುವಾಗಲೇ ವೇಷದವನು ಒಂದು ಹೂಂಕಾರ ಕೊಟ್ಟ ಹಾಗೆ. ಇದನ್ನೇ ಆ ಕಾಲದ ಹೆಸರಾಂತ ಗಾಯಕ ಬಿಂಗ್ ಕ್ರಾಸ್ಬಿ ಮತ್ತೆ ಹಾಡಿದ ಮೇಲೆ ಹಿಲ್‌ಬಿಲಿ ಅಂತ ಮೂಗು ಮುರಿಯುತ್ತಿದ್ದ ಮನೆಗಳಿಗೂ ಹಾಡು ಹೊಕ್ಕಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಪರ್ಲ್ ಹಾರ್ಬರ್ ನೌಕಾನೆಲೆ ಮೇಲೆ ಜಪಾನಿನ ದಾಳಿ ಆದ ಮೇಲೆ ಟಾಮಿ ಸೈನ್ಯಕ್ಕೆ ಸೇರಿದ, ಮುಂದೆ ಬಾಬ್ ಕೂಡ. ಪ್ಲೇಟು ಎಂಬತ್ತು ವರ್ಷ ದಾಟಿದರೂ ಗಟ್ಟಿಯಾಗಿದೆ.

ಎರಡನೆಯದು ನನ್ನ ಲೆಕ್ಕದಲ್ಲಿ ಮೂರರಲ್ಲೂ ಮೇಲು. ಅರ್ನೆಸ್ಟ್ ಟಬ್‌ನ ‘ವಾಕಿಂಗ್ ದ ಫ್ಲೋರ್ ಓವರ್ ಯು’, ಡೆಕ್ಕಾ ಕಂಪನಿಯದು, 1941ರ ಏಪ್ರಿಲ್‌ನಲ್ಲಿ ಡಲ್ಲಾಸ್‌ನಲ್ಲೇ ರೆಕಾರ್ಡ್ ಆದದ್ದು. ಪ್ರೀತಿಸಿದವಳು ಬಿಟ್ಟು ಹೋಗಿದ್ದಾಳೆ, ನಿದ್ದೆ ಬರುತ್ತಿಲ್ಲ, ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಾನೆ. ಅಷ್ಟೇ ಹಾಡು. ಟಬ್‌ಗೆ ಅಂಥಾ ಕಂಠವೇನಿಲ್ಲ, ಮಾತಾಡಿದ ಹಾಗೇ ಹಾಡುತ್ತಾನೆ, ಅದೇ ಚಂದ. ಜೊತೆಗೆ ಒಂದೊಂದೇ ಸ್ವರ ಎತ್ತಿ ಚುಚ್ಚುವ ಎಲೆಕ್ಟ್ರಿಕ್ ಗಿಟಾರ್. ಅದು ಬಂದ ಕಥೆ ಮಜವಾಗಿದೆ. ಬಾರುಗಳಲ್ಲಿ ನಾಣ್ಯ ಹಾಕಿದರೆ ಹಾಡುವ ಜೂಕ್‌ಬಾಕ್ಸ್ ಇರುತ್ತಿತ್ತಲ್ಲ, ಜನ ಸೇರಿ ಗಲಾಟೆ ಶುರುವಾದರೆ ನಿಮ್ಮ ಪ್ಲೇಟು ಕೇಳಿಸೋದೇ ಇಲ್ಲ ಅಂತ ಅದನ್ನು ನಡೆಸುವವರು ದೂರಿದರು. ಅದಕ್ಕೇ ಈ ಗಿಟಾರ್. ನನ್ನ ಅಡುಗೆಮನೆಯಲ್ಲಿ ಕುಕ್ಕರ್ ಕೂಗುವಾಗಲೂ ಕೇಳಿಸಿತು, ಪರೀಕ್ಷೆ ಪಾಸು.

ಮೂರನೆಯದು ಎಲ್ಟನ್ ಬ್ರಿಟ್. 1942ರ ‘ದೇರ್ಸ್ ಎ ಸ್ಟಾರ್ ಸ್ಪ್ಯಾಂಗಲ್ಡ್ ಬ್ಯಾನರ್ ವೇವಿಂಗ್ ಸಮ್‌ವೇರ್’, ಬ್ಲೂಬರ್ಡ್ ಲೇಬಲ್. ಕಾಲು ಸರಿಯಿಲ್ಲದ ಗುಡ್ಡಗಾಡಿನ ಹುಡುಗ, ನನ್ನನ್ನೂ ಯುದ್ಧಕ್ಕೆ ಕಳಿಸಿ ಅಂತ ಬೇಡಿಕೊಳ್ಳುವ ಹಾಡು. ಹತ್ತು ಲಕ್ಷಕ್ಕಿಂತ ಜಾಸ್ತಿ ಮಾರಾಟವಾಯಿತು. ಧ್ವನಿ ತುಂಬಾ ಚೊಕ್ಕ, ಆದರೆ ಬಾವುಟದ ಭಕ್ತಿ ನನಗೆ ಸ್ವಲ್ಪ ಸಿಹಿ ಜಾಸ್ತಿ ಅನ್ನಿಸಿತು. ಇದು ಮೂರರಲ್ಲಿ ಎಲ್ಲಕ್ಕಿಂತ ಹೊಸ ಪ್ಲೇಟು, ಸದ್ದು ಮಾತ್ರ ಎಲ್ಲಕ್ಕಿಂತ ಕೆಟ್ಟದ್ದು, ಹಿಂದೆ ಒಗ್ಗರಣೆ ಸಿಡಿದ ಹಾಗೆ ಚರಚರ ನಿಲ್ಲೋದೇ ಇಲ್ಲ. ಮೋಸ ಹೋದೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಇದಕ್ಕೂ ಯುದ್ಧವೇ ಕಾರಣ ಇರಬೇಕು.

ಆ ಕಾಲದ ಪ್ಲೇಟು ಪ್ಲಾಸ್ಟಿಕ್ ಅಲ್ಲ, ಅರಗು. ನಮ್ಮ ದೇಶದ ಅರಗು! ಈಗಿನ ಜಾರ್ಖಂಡ್ ಭಾಗದ ಛೋಟಾ ನಾಗ್ಪುರದ ಕಡೆ ಮುತ್ತುಗ, ಎಲಚಿ ಮರದ ಕೊಂಬೆಗೆ ಹುಳ ಕಟ್ಟುವ ಅಂಟನ್ನು ಕೆರೆದು, ಕರಗಿಸಿ, ಹಡಗಿನಲ್ಲಿ ಅಮೆರಿಕಕ್ಕೆ ಕಳಿಸುತ್ತಿದ್ದರು. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವುದೂ ಅರಗಿನಿಂದಲೇ, ಅಲ್ವಾ. ಜಪಾನ್ ಯುದ್ಧಕ್ಕಿಳಿದ ಮೇಲೆ ಹಡಗಿನ ದಾರಿ ಅಪಾಯಕ್ಕೆ ಬಿತ್ತು, ಇದ್ದ ಅರಗು ಯುದ್ಧದ ಸಾಮಾನಿಗೂ ಬೇಕಿತ್ತು. 1942ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಪ್ಲೇಟಿಗೆ ಸಿಗುವ ಅರಗಿನಲ್ಲಿ ಶೇ. 70ರಷ್ಟು ಕಡಿತ ಮಾಡಿತು. ಕಂಪನಿಗಳು ಹಳೇ ಪ್ಲೇಟುಗಳನ್ನೇ ಪುಡಿ ಮಾಡಿ ಮತ್ತೆ ಒತ್ತಿದವು, ಹಳೇದು ತಂದುಕೊಟ್ಟು ಹೊಸದು ತಗೊಳ್ಳಿ ಅಂದವು. ಅದರ ಮೇಲೆ ಆ ಆಗಸ್ಟ್ 1ರಿಂದ ಸಂಗೀತಗಾರರ ಸಂಘ ರೆಕಾರ್ಡಿಂಗನ್ನೇ ನಿಲ್ಲಿಸಿತು. ಹೊಸ ಹಾಡು ಇಲ್ಲ, ಪ್ಲೇಟು ಮಾಡೋಕೆ ಸಾಮಗ್ರಿಯೂ ಇಲ್ಲ, ಹಾಗಾಗಿ ಮೊದಲೇ ಮುದ್ರಿಸಿಟ್ಟಿದ್ದ ಹಾಡುಗಳನ್ನೇ ಕಲಬೆರಕೆ ಅರಗಿನಲ್ಲಿ ಒತ್ತೊತ್ತಿ ಮಾರಿದರು. ಇದೆಲ್ಲ ತಿಳಿದ ಮೇಲೆ ಆ ಚರಚರ ಕೇಳಿದರೆ ಸಿಟ್ಟು ಬರುತ್ತಿಲ್ಲ.

ನನ್ನ ದಡ್ಡತನವನ್ನೂ ಬರೆದುಬಿಡುತ್ತೇನೆ. ಟಬ್ ಪ್ಲೇಟಿನ ಹಿಂದಿನ ಮೈ ಮಂಕಾಗಿತ್ತು ಅಂತ ಗಾಯಕ್ಕೆ ಹಚ್ಚುವ ಸ್ಪಿರಿಟ್‌ನಲ್ಲಿ ಹತ್ತಿ ಅದ್ದಿ ಒರೆಸಿದೆ. ಹತ್ತಿ ಕಪ್ಪಾಯಿತು. ಕೊಳೆ ಬಿಡುತ್ತಿದೆ ಅಂತ ಖುಷಿಯಲ್ಲಿ ಇನ್ನೂ ನಾಲ್ಕು ಸಲ ಉಜ್ಜಿದೆ. ಕೊಳೆ ಅಲ್ಲ ಸ್ವಾಮಿ, ಪ್ಲೇಟೇ ಕರಗುತ್ತಿತ್ತು. ಬಡಗಿಗಳು ಪಾಲಿಶ್‌ಗೆ ಅರಗು ಕರಗಿಸುವುದೇ ಸ್ಪಿರಿಟ್‌ನಲ್ಲಿ, ನಮ್ಮೂರಲ್ಲಿ ಚಿಕ್ಕಂದಿನಿಂದ ನೋಡಿದ್ದೇನೆ, ಆದರೂ ತಲೆಗೆ ಹೊಳೆಯಲಿಲ್ಲ. ಅದೃಷ್ಟಕ್ಕೆ ಬೇಕಾದ ಹಾಡು ಇನ್ನೊಂದು ಮೈಯಲ್ಲಿದೆ. ನೀವು ಒರೆಸುವುದಾದರೆ ತಣ್ಣೀರಿಗೆ ಒಂದು ಹನಿ ಪಾತ್ರೆ ಸೋಪು, ಮೆತ್ತಗಿನ ಬಟ್ಟೆ, ಲೇಬಲ್‌ಗೆ ನೀರು ತಾಗಿಸದೆ.

ಅಂಗಡಿ ಬಗ್ಗೆ ಎರಡು ಮಾತು. ಯಜಮಾನರು ಒಳ್ಳೆಯವರು, ಪ್ಲೇಟನ್ನು ಕಿಟಕಿ ಬೆಳಕಿಗೆ ಹಿಡಿದು ಬಿರುಕು ಇದೆಯಾ ನೋಡಿ ಅಂತ ಅವರೇ ಹೇಳಿಕೊಟ್ಟರು. ಬೆಳಕಿಗೆ ಕಾಣದ ಸಣ್ಣ ಬಿರುಕು ಬೆರಳಲ್ಲಿ ತಟ್ಟಿದಾಗ ಸದ್ದಿನಲ್ಲಿ ತಿಳಿಯುತ್ತದೆ, ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೇವಲ್ಲ ಹಾಗೆ. ಆದರೆ ಲಕೋಟೆ ಕೊಡುವುದಿಲ್ಲ, ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ. ಟೆಕ್ಸಾಸ್ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ, ಆದ್ದರಿಂದ ಊಟಕ್ಕೆ ಇಳಿದಾಗ ಮೂರನ್ನೂ ಕಂಕುಳಲ್ಲಿ ಇಟ್ಟುಕೊಂಡೇ ಹೋಟೆಲಿಗೆ ಹೋದೆ.

ಮುಂದಿನ ಸಲ ಟೆಡ್ ಡಫನ್‌ನ ‘ಬಾರ್ನ್ ಟು ಲೂಸ್’ ಹುಡುಕಬೇಕು. ಅದೂ 1942ರಲ್ಲಿ ರೆಕಾರ್ಡ್ ಆದದ್ದೇ. ಸಿಕ್ಕರೆ 10 ಡಾಲರ್‌ವರೆಗೂ ಕೊಡುತ್ತೇನೆ. ಕುರ್ಚಿ ಇನ್ನೂ ಸಿಕ್ಕಿಲ್ಲ.