ಒಂಬತ್ತು ಮಳೆಗಾಲ ಕಂಡ ಬೈನಾಕ್ಯುಲರ್

2016ರಲ್ಲಿ ಕೊಂಡ 8×42 ಬೈನಾಕ್ಯುಲರ್ ಇದು. 8 ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, 42 ಅಂದರೆ ಮುಂದಿನ ಗಾಜಿನ ಅಗಲ, ಮಿ.ಮೀ.ಗಳಲ್ಲಿ. ಆಗ ಇಪ್ಪತ್ತೆರಡು ಸಾವಿರ ಚಿಲ್ಲರೆ ಬಿತ್ತು. ಕಂಪನಿಯ ಹೆಸರು ಹೇಳುವುದಿಲ್ಲ, ಯಾಕೆಂದರೆ ಕೆಳಗೆ ಸ್ವಲ್ಪ ಬೈಗುಳವೂ ಇದೆ. ಅಳಿವಿನ ಅಂಚಿಗೆ ಬಂದ ಪ್ರಾಣಿ, ಪಕ್ಷಿಗಳನ್ನು ಹುಡುಕಿ ಲೆಕ್ಕ ಇಡುವುದು ನನ್ನ ಕೆಲಸ. ಹಾಗಾಗಿ ಇದು ಬೀರುವಿನಲ್ಲಿ ಕೂತ ದಿನಗಳು ಕಡಿಮೆ. ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬೆಂದಿದೆ, ಮಲೆನಾಡಿನಲ್ಲಿ ನೆಂದಿದೆ, ಒಮ್ಮೆ ಬಂಡೆಯಿಂದ ಉರುಳಿಯೂ ಇದೆ.

ಅಂಗಡಿಯವರು 10×42 ತಗೊಳ್ಳಿ, ಜಾಸ್ತಿ ದೊಡ್ಡದಾಗಿ ಕಾಣುತ್ತೆ ಎಂದರು. ಕಾಣುತ್ತದೆ, ನಿಜ. ಆದರೆ ಕೈ ನಡುಗುವುದೂ ಹತ್ತು ಪಟ್ಟು ಕಾಣುತ್ತದೆ. ಗುಡ್ಡ ಹತ್ತಿ ಏದುಸಿರು ಬಿಡುತ್ತಾ ಕಣ್ಣಿಗಿಟ್ಟರೆ ಹಕ್ಕಿ ಕುಣಿಯುತ್ತಿರುತ್ತದೆ. 8ರಲ್ಲಿ ನೋಟದ ಅಗಲವೂ ಹೆಚ್ಚು, ಹಾರುವ ಹಕ್ಕಿ ಬೇಗ ಸಿಗುತ್ತದೆ. ಈ ಒಂದು ವಿಷಯದಲ್ಲಿ ನನಗೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ.

ಇದರ ನಿಜವಾದ ಬೆಲೆ ಗೊತ್ತಾಗಿದ್ದು ರಾಮನಗರದ ರಾಮದೇವರ ಬೆಟ್ಟದಲ್ಲಿ. 2012ರಲ್ಲಿ ರಣಹದ್ದು ಧಾಮ ಎಂದು ಘೋಷಣೆಯಾದ ಜಾಗ ಅದು. ಉದ್ದ ಕೊಕ್ಕಿನ ರಣಹದ್ದು ಅಲ್ಲಿನ ಕಡಿದಾದ ಬಂಡೆಯ ಸಂದುಗಳಲ್ಲಿ ಗೂಡು ಮಾಡುತ್ತದೆ. ದೂರದಿಂದ ಮೊದಲು ಕಣ್ಣಿಗೆ ಬೀಳುವುದು ಹಕ್ಕಿಯಲ್ಲ, ಹಿಕ್ಕೆ. ಬಂಡೆಯ ಮೇಲೆ ಯಾರೋ ಸುಣ್ಣದ ಬಕೆಟ್ ಚೆಲ್ಲಿದ ಹಾಗೆ ಬಿಳಿ ಇಳಿದಿರುತ್ತದೆ. ಆ ಗೆರೆ ಹಿಡಿದು ಮೇಲೆ ಹೋದರೆ ಒಂದು ಕಂದು ಗುಡ್ಡೆ. ಕಲ್ಲೋ ಹಕ್ಕಿಯೋ? ಒಂದು ಬೆಳಿಗ್ಗೆ ನಲವತ್ತು ನಿಮಿಷ ಹಾಗೇ ನೋಡಿದೆ. ಕೊನೆಗೆ ಕಲ್ಲು ಕತ್ತು ತಿರುಗಿಸಿತು!

ಇಷ್ಟು ತಾಳ್ಮೆ ಯಾಕೆ ಬೇಕು ಅಂದರೆ, ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್, ಸತ್ತ ದನದ ಮಾಂಸದ ಮೂಲಕ ಇವುಗಳ ಹೊಟ್ಟೆ ಸೇರಿ ಮೂತ್ರಪಿಂಡ ಕೆಡಿಸಿತು. ದೇಶದ ತುಂಬ ಇದ್ದ ರಣಹದ್ದುಗಳು ಕೆಲವೇ ವರ್ಷಗಳಲ್ಲಿ ಬಹುತೇಕ ಖಾಲಿಯಾದವು. ಪಶುವೈದ್ಯದಲ್ಲಿ ಆ ಔಷಧಿಗೆ ನಿಷೇಧ ಬಂದದ್ದು 2006ರಲ್ಲಿ. ಈಗ ಖಾಲಿ ಸಂದನ್ನು ಗೂಡು ಎಂದು ಬರೆದುಕೊಂಡರೂ ತಪ್ಪು, ಗೂಡನ್ನು ಕಲ್ಲು ಎಂದು ಬಿಟ್ಟರೂ ತಪ್ಪು. ಗಂಟೆಗಟ್ಟಲೆ ನೋಡಿದರೂ ತಲೆನೋವು ಬಾರದ ಗಾಜು ಬೇಕು. ಇದರಲ್ಲಿ ಬರಲಿಲ್ಲ. ಕತ್ತುನೋವು ಮಾತ್ರ ಬಂತು. ಜೊತೆಗೆ ಕೊಟ್ಟ ಪಟ್ಟಿ ಬಿಸಾಕಿ, ಎರಡೂ ಭುಜಕ್ಕೆ ಹಾಕುವ ಹಾರ್ನೆಸ್ ತಗೊಂಡೆ. ನೀವೂ ಮೊದಲ ದಿನವೇ ತಗೊಳ್ಳಿ.

ಬೆಳಕಿನ ಪರೀಕ್ಷೆ ನಡೆದದ್ದು ಶರಾವತಿ ಕಣಿವೆಯಲ್ಲಿ. ಅಲ್ಲಿ ಸಿಂಗಳೀಕಗಳಿವೆ. ಮೈಯೆಲ್ಲ ಕಪ್ಪು, ಮುಖದ ಸುತ್ತ ಬೂದು ಬಿಳುಪಿನ ಕೇಸರ. ಮೋಡ ಕವಿದ ಸಂಜೆ ಮರದ ತುದಿಯಲ್ಲಿ ಮೈ ಕಾಣುವುದೇ ಇಲ್ಲ, ಬರೀ ಆ ಕೇಸರ ಗಾಳಿಯಲ್ಲಿ ತೇಲಿದ ಹಾಗೆ ಇರುತ್ತದೆ. ಗೆಳೆಯನೊಬ್ಬ ಜೇಬಿಗೆ ಹಿಡಿಯುವ 10×25 ತಂದಿದ್ದ. ಅವನಿಗೆ ಕಂಡದ್ದು ಅಲುಗಾಡುವ ಎಲೆ. ಲೆಕ್ಕ ಸರಳ. 42ನ್ನು 8ರಿಂದ ಭಾಗಿಸಿದರೆ 5.25 ಮಿ.ಮೀ. ಬೆಳಕಿನ ಬಿಲ್ಲೆ ಕಣ್ಣಿಗೆ ಬರುತ್ತದೆ, ಅವನದ್ದರಲ್ಲಿ 2.5. ಮಬ್ಬಿನಲ್ಲಿ ನಮ್ಮ ಕಣ್ಣಿನ ಪಾಪೆ ಅಗಲವಾಗಿರುತ್ತದಲ್ವಾ, ಅದನ್ನು ತುಂಬುವಷ್ಟು ಬೆಳಕು ಬೇಕು.

ಇನ್ನು ಬೈಗುಳ. ಮೂರನೇ ವರ್ಷ ಫೋಕಸ್ ಚಕ್ರ ಬಿಗಿಯಾಯಿತು. ಸರ್ವಿಸ್‌ಗೆ ಕಳಿಸಿದೆ. ನಾಲ್ಕು ವಾರ ಎಂದವರು ನಾಲ್ಕು ತಿಂಗಳು ಇಟ್ಟುಕೊಂಡರು. ವಾಪಸ್ ಬಂದಾಗ ಚಕ್ರ ಬೆಣ್ಣೆಯ ಹಾಗೆ ತಿರುಗುತ್ತಿತ್ತು, ಖುಷಿಪಟ್ಟೆ. ಮುಂದಿನ ಜೂನ್‌ನಲ್ಲಿ ಅದೇ ಶರಾವತಿ ಕಾಡಿನಲ್ಲಿ ಕಾಲಿಗೆ ಹತ್ತಿದ ಉಂಬಳ ಕಿತ್ತು, ತಲೆ ಎತ್ತಿ ಕಣ್ಣಿಗಿಟ್ಟರೆ ಎಡಗಡೆ ಪೂರ್ತಿ ಮಂಜು. ಒರೆಸಿದೆ. ಹೋಗಲಿಲ್ಲ. ಮಂಜು ಒಳಗಿತ್ತು! ಇಂಥ ಬೈನಾಕ್ಯುಲರ್‌ಗಳ ಒಳಗೆ ತೇವ ಇಲ್ಲದ ನೈಟ್ರೋಜನ್ ತುಂಬಿ ಸೀಲ್ ಮಾಡಿರುತ್ತಾರೆ. ರಿಪೇರಿಗೆ ಬಿಚ್ಚಿದವರು ಮತ್ತೆ ಅದನ್ನು ತುಂಬಿರಲಿಲ್ಲ. ಇನ್ನೊಮ್ಮೆ ಕಳಿಸಿ, ಫೋನಿನಲ್ಲಿ ಕೂಗಾಡಿ, ಸರಿ ಮಾಡಿಸುವಷ್ಟರಲ್ಲಿ ಆ ಮಳೆಗಾಲವೇ ಮುಗಿಯಿತು. ನೀವು ರಿಪೇರಿಗೆ ಕೊಟ್ಟರೆ ಬಿಲ್ಲಿನಲ್ಲಿ ನೈಟ್ರೋಜನ್ ಎಂದು ಬರೆಸಿಕೊಳ್ಳಿ.

ಇದರ ಕೈಲಾಗದ ಕೆಲಸಗಳೂ ಇವೆ. ಬಳ್ಳಾರಿ ಕಡೆಯ ಸಿರುಗುಪ್ಪದ ಎರೆ ಹೊಲಗಳಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ದೊಡ್ಡ ಹುಲ್ಲುಗಾವಲು ಹಕ್ಕಿಯನ್ನು ಹುಡುಕುವಾಗ ಬೆಳಿಗ್ಗೆ ಹತ್ತು ದಾಟಿತೆಂದರೆ ನೆಲದಿಂದ ಬಿಸಿ ಎದ್ದು ಎಲ್ಲವೂ ನೀರಿನಂತೆ ನಡುಗುತ್ತದೆ. ಎಷ್ಟೇ ದುಬಾರಿ ಗಾಜಾದರೂ ಅಷ್ಟೇ, ದೊಡ್ಡದಾಗಿ ಕಾಣುವುದು ಆ ನಡುಕ. ಅಲ್ಲಿ ನಾನು ಹಕ್ಕಿಗಿಂತ ವಿದ್ಯುತ್ ತಂತಿಗಳನ್ನೇ ಜಾಸ್ತಿ ನೋಡಿದ್ದೇನೆ. ಈ ಹಕ್ಕಿಯ ಕಣ್ಣುಗಳು ಪಕ್ಕಕ್ಕಿರುವುದರಿಂದ ಎದುರಿನ ತಂತಿ ಕಾಣುವುದು ತಡ. ಮೈಯೂ ಭಾರ, ತಟ್ಟನೆ ತಿರುಗಲಾಗದು. ಬಡಿದು ಸಾಯುತ್ತದೆ.

ಹಾಗೆಯೇ ಮೈಸೂರು ಕಡೆಯ ಹದಿನಾರು ಎಂಬ ಊರಿನ ಕೆರೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಕೆಲವಕ್ಕೆ ಮಂಗೋಲಿಯಾದಲ್ಲಿ ಹಾಕಿದ ಹಸಿರು ಕೊರಳಪಟ್ಟಿ ಇರುತ್ತದೆ. ಪಟ್ಟಿ ಕಂಡಿತು, ಅಕ್ಷರ ಓದಲಾಗಲಿಲ್ಲ. ಅದಕ್ಕೆ ಸ್ಟ್ಯಾಂಡ್ ಮೇಲಿಡುವ ಸ್ಪಾಟಿಂಗ್ ಸ್ಕೋಪೇ ಬೇಕು.

ಈಗಿನ ಸ್ಥಿತಿ: ಮೇಲಿನ ರಬ್ಬರ್ ಅಂಟಂಟಾಗಿದೆ. ಬಲಗಡೆಯ ಐಕಪ್ (ಕಣ್ಣಿಗೆ ಆನಿಸುವ ಬಳೆ) ಕಳೆದುಹೋಗಿ, ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದೇನೆ. ಮುಂದಿನ ಗಾಜಿನಲ್ಲಿ ಒಂದು ಗೀರು, ಫೀಲ್ಡ್ ಸಹಾಯಕರೊಬ್ಬರು ಪ್ರೀತಿಯಿಂದ ಪಂಚೆಯಲ್ಲಿ ಒರೆಸಿದ್ದರ ಗುರುತು. ನೋಟಕ್ಕೆ ತೊಂದರೆ ಇಲ್ಲ.

ವಾರಕ್ಕೊಮ್ಮೆಯಾದರೂ ಕಾಡಿಗೋ ಕೆರೆಗೋ ಹೋಗುವವರು ಈ ದರ್ಜೆಯ 8×42ಕ್ಕೆ ಧಾರಾಳವಾಗಿ ದುಡ್ಡು ಹಾಕಬಹುದು. ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಕೊಕ್ಕರೆ ಬೆಳ್ಳೂರಿಗೆ ಹೋಗುವವರು ಸುಮ್ನೆ ಖರ್ಚು ಮಾಡಬೇಡಿ. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್) ಊರೊಳಗಿನ ಮರದಲ್ಲೇ ಸಂಸಾರ ಮಾಡುತ್ತದೆ. ಬೈನಾಕ್ಯುಲರ್‌ಗಿಂತ ತಲೆಗೊಂದು ಟೋಪಿ ಮುಖ್ಯ.